ಬ್ರೇಕ್ ಇನ್ಸ್‌ಪೆಕ್ಟರ ಬ್ಯಾಟರಿ

ಸೊಸೆ ಮೋಟಾರ್ ಸೈಕಲ್ಲಿನ ಕೀಲಿ ತಿರುಗಿಸಿ ಹೆಡ್‌ಲೈಟ್ ಹೊತ್ತಿಸಿದಳು. ಸದ್ದಾಗದಂತೆ ಹೊದಿಕೆಯನ್ನು ಚಕ್ರ ಮುಚ್ಚುವವರೆಗೆ ಎಳೆದಳು. ಬೆಳಕು ಒಂದಿಷ್ಟೂ ಹೊರಬೀಳಲಿಲ್ಲ. ಒಳಗೆ ಮಾವನವರ ಮಧ್ಯಾಹ್ನದ ಗೊರಕೆ ಲಯ ತಪ್ಪದೆ ಸಾಗಿತ್ತು. ಎದ್ದ ಕೂಡಲೇ ಹಾಸಿಗೆಯಲ್ಲೇ ಕೂತು ಗಟ್ಟಿಯಾಗಿ ಕೆಮ್ಮುವುದು ಅವರ ಅಭ್ಯಾಸ. ಆ ಕೆಮ್ಮೇ ಅವಳಿಗೆ ಗಂಟೆ. ಅವರು ಹೊರಬರುವಷ್ಟರಲ್ಲಿ ದೀಪ ಆರಿರಬೇಕು, ಕೀಲಿ ಅಡುಗೆಮನೆ ಬಾಗಿಲ ಪಕ್ಕದ ಮೊಳೆಗೆ ಮರಳಿರಬೇಕು, ಬ್ಯಾಟರಿ ಸತ್ತಿರಬೇಕು.

ಹಿರಿಯರಿಗೆ ಮೋಸ ಮಾಡುವುದು ಪಾಪವೇ. ಆದರೆ ಮಾವನವರು ಬೇರೆ ದಾರಿ ಬಿಟ್ಟಿರಲಿಲ್ಲ.

ಅವರು ನಿವೃತ್ತ ಬ್ರೇಕ್ ಇನ್ಸ್‌ಪೆಕ್ಟರ್. ಊರಿನ ಅರ್ಧ ಜನಕ್ಕೆ ಲೈಸೆನ್ಸ್ ಕೊಟ್ಟವರು, ಉಳಿದರ್ಧವನ್ನು ಕೊಡದೆ ಅಳಿಸಿದವರು. ಪರೀಕ್ಷೆಯ ದಿನ ಕಾಲು ನೆಲಕ್ಕೆ ತಾಗಿತೆಂದು ಹೆತ್ತ ಮಗನನ್ನೇ ಫೇಲ್ ಮಾಡಿದ ಮಹಾನುಭಾವರು. ಅಂಥವರ ಕಣ್ಣು ಈಗ ಮಂಜಾಗಿತ್ತು. ಈಚೆಗೆ ಬಟ್ಟೆ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ, ಬಾಗಿಲಲ್ಲಿ ಅಂಗಿ ತೊಟ್ಟು ನಿಂತಿದ್ದ ಗೊಂಬೆಗೆ “ಹೆಲ್ಮೆಟ್ ಎಲ್ರೀ?” ಎಂದು ಗದರಿದ್ದರು. ಅದು ಬಾಯಿ ಬಿಡದ್ದಕ್ಕೆ, ಈಗಿನವರಿಗೆ ಎಷ್ಟು ಸೊಕ್ಕು ಎಂದು ಮನೆಗೆ ಬಂದು ಹಲುಬಿದ್ದರು. ಕಣ್ಣಿನ ಡಾಕ್ಟರ ಹೆಸರೆತ್ತಿದರೆ ಸಿಡುಕುತ್ತಿದ್ದರು. “ಜೀವಮಾನವೆಲ್ಲ ಊರವರ ಕಣ್ಣು ಟೆಸ್ಟ್ ಮಾಡಿದೋನು ನಾನು. ನನ್ನ ಟೆಸ್ಟ್ ಮಾಡೋಕೆ ಅವನ್ಯಾರು?”

ಇಷ್ಟಾದರೂ ಸೊಸೆ ಸಹಿಸಿಕೊಂಡಿದ್ದಳು. “ಇನ್ನು ಮೇಲೆ ಮೊಮ್ಮಗಳನ್ನ ಶಾಲೆಗೆ ಗಾಡೀಲಿ ನಾನೇ ಬಿಡ್ತೀನಿ” ಎಂದು ಅವರು ಘೋಷಿಸಿಬಿಟ್ಟರು. ಅಂದೇ ಮೊದಲ ಸಲ ಕೀಲಿಗೆ ಕೈ ಹಾಕಿದಳು.

ಪ್ರತಿ ಬೆಳಿಗ್ಗೆ ಅದೇ ಮೆರವಣಿಗೆ. ಮಾವನವರು ಹೆಲ್ಮೆಟ್ ಧರಿಸುವರು, ಕೈಗವಸು ಏರಿಸುವರು, ಕನ್ನಡಿ ಒರೆಸುವರು. ಗುಂಡಿ ಒತ್ತಿದರೆ ‘ಕಟ್’ ಎಂದೊಂದು ಸದ್ದು, ಅಷ್ಟೇ. ಕಿಕ್ಕರ್ ಇಲ್ಲದ ಗಾಡಿ. ಮಗ ತಳ್ಳಲು ಬಂದರೆ ಕೈ ಅಡ್ಡ ಹಿಡಿಯುವರು. “ಬ್ರೇಕ್ ಇನ್ಸ್‌ಪೆಕ್ಟರ್ ಗಾಡೀನ ಬೀದೀಲಿ ತಳ್ಳೋದಾ? ಮಾನ ಮರ್ಯಾದೆ ಬೇಡ್ವಾ?” ಆಮೇಲೆ ಮೊಮ್ಮಗಳ ಕೈ ಹಿಡಿದು ನಡೆದೇ ಹೊರಡುವರು. ದಾರಿಯುದ್ದಕ್ಕೂ ಎದುರು ಬಂದ ವಾಹನಗಳಿಗೆಲ್ಲ ಬುದ್ಧಿ ಹೇಳುತ್ತ, ಸಾಕಷ್ಟು ಉಲ್ಲಾಸದಿಂದಲೇ.

ಮರಳಿ ಬಂದ ಮೇಲೆ ಚಿಕಿತ್ಸೆ, ಪ್ರತಿ ಸಲವೂ ಅಂಗಡಿಯಲ್ಲಿ ಬ್ಯಾಟರಿ ಚಾರ್ಜ್ ಮಾಡಿಸಿ ತರುವುದರ ಜೊತೆಗೆ. ಮೊದಲು ಟರ್ಮಿನಲ್ಲಿಗೆ ಕಟ್ಟಿದ ಬಿಳಿ ಪುಡಿಯೇ ಕಾರಣವೆಂದು ಬಿಸಿನೀರಿನಿಂದ ಉಜ್ಜಿ ವ್ಯಾಸಲೀನ್ ಬಳಿದರು. ಆಮೇಲೆ ಡಿಸ್ಟಿಲ್ಡ್ ವಾಟರ್ ಕಡಿಮೆ ಎಂದರು, ತುಂಬಿಸಿದರು. ಅರ್ಥ್ ವೈರು ಸಡಿಲವೆಂದರು, ಬಿಗಿದರು. ಜಗಲಿಯ ಮೇಲೆ ಅಕ್ಕಪಕ್ಕದವರಿಗೆ ಪಾಠವೂ ನಡೆಯಿತು: “ಗಾಡಿ ವಾರಗಟ್ಟಲೆ ನಿಲ್ಲಿಸೋದಾದ್ರೆ ನೆಗೆಟಿವ್ ವೈರ್ ಬಿಚ್ಚಿಡಿ. ಹಾಲಿನಂಗಡಿಗೆ ಹೋಗಿ ಬಂದ್ರೆ ಬ್ಯಾಟರಿ ಚಾರ್ಜ್ ಆಗಲ್ಲ, ಸ್ವಲ್ಪ ದೂರ ಓಡಿಸಿ.” ಕೇಳಿದವರ ಬ್ಯಾಟರಿಗಳೆಲ್ಲ ಗುಣವಾದವು. ಹೇಳಿದವರದು ಮಾತ್ರ ಏಳಲಿಲ್ಲ. ದೀಪದ ಬುಡದಲ್ಲೇ ಕತ್ತಲು ಎಂದು ಬೀದಿಯವರು ಹಲ್ಲು ಕಿಸಿದರು.

“ಮೆಕ್ಯಾನಿಕ್‌ನ ಕರೆಸೋಣಪ್ಪ,” ಎಂದ ಮಗ.

“ಬೇಡ! ಅವನಿಗೆ ಲೈಸೆನ್ಸ್ ಕೊಟ್ಟೋನೇ ನಾನು.”

ಒಂದು ಸಂಜೆ ಬ್ಯಾಟರಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಮಾವನವರು ಸೊಸೆಯನ್ನು ಕಂಡು ನಿಟ್ಟುಸಿರಿಟ್ಟರು. “ಒಂದು ಗಾಡಿ ಕಾಯಿಲೆ ನನಗೆ ಸಿಗ್ತಿಲ್ಲ ಅಂದ್ರೆ, ವಯಸ್ಸಾಯ್ತು ಅಂತ ಅರ್ಥ ಅಲ್ವೇನಮ್ಮ?”

ತಪ್ಪು ತನ್ನದೇ ಅನ್ನಿಸಿತು ಅವಳಿಗೆ. ಇನ್ನು ಕೀಲಿ ಮುಟ್ಟಬಾರದು. ಮಗಳನ್ನು ತಾನೇ ಶಾಲೆಗೆ ಬಿಡುವುದು, ಕಣ್ಣಿನ ವಿಷಯ ಎದುರೆದುರೇ ಹೇಳುವುದು, ಬೈದರೆ ಬೈಸಿಕೊಳ್ಳುವುದು ಎಂದು ಗಟ್ಟಿ ಮನಸ್ಸು ಮಾಡಿದಳು. ಅಪ್ಪನ ಪಾಡು ನೋಡಲಾರದೆ ಗಂಡ ಹೊಸ ಬ್ಯಾಟರಿಯನ್ನೇ ತಂದು ಹಾಕಿಸಿದ. ಗುಂಡಿ ಒತ್ತಿದೊಡನೆ ಗಾಡಿ ಗುಡುಗಿತು. ಮಾವನವರ ಮುಖ ಯಾಕೋ ಇಳಿದುಹೋಯಿತು. ಮಗನಿಗೆ ಖರ್ಚು ಹಚ್ಚಿದೆನಲ್ಲ ಎಂದಿರಬೇಕು, ಅಂದುಕೊಂಡಳು ಸೊಸೆ.

ಮರುದಿನ ಭಾನುವಾರ. ಮಾವನವರು ಸುಮ್ಮನೆ ಒಂದು ಸುತ್ತು ಹೋಗಿಬರುತ್ತೇನೆಂದು ಗುಂಡಿ ಒತ್ತಿದರು. ‘ಕಟ್’.

ಸೊಸೆ ಗಂಡನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು. “ನಿಜ ಹೇಳಿ, ನೀವೂ ಲೈಟ್ ಹಾಕಿಟ್ರಾ?”

“ನೀವೂ ಅಂದ್ರೆ?”

ನಾಲಿಗೆ ಕಚ್ಚಿಕೊಂಡರೂ ತಡವಾಗಿತ್ತು. ಎಲ್ಲವನ್ನೂ ಒಪ್ಪಿಸಿದಳು. ಗಂಡ ತಲೆ ಮೇಲೆ ಕೈಯಿಟ್ಟು ಕೂತ. “ನಾನಲ್ಲ ಕಣೇ. ನಿನ್ನಾಣೆ. ಈ ಐಡಿಯಾ ಮೊದಲೇ ಹೊಳೆದಿದ್ರೆ ಬ್ಯಾಟರಿ ಯಾಕೆ ತರ್ತಿದ್ದೆ?”

ಅಂಗಡಿಗೆ ಒಯ್ದು ಚಾರ್ಜ್ ಮಾಡಿಸಿ ತಂದದ್ದಾಯಿತು. ಊಟದ ನಂತರ ಗಂಡ ಒಂದು ಕೋಣೆಯಲ್ಲಿ ಅಡ್ಡಾದ, ಮಾವನವರು ಇನ್ನೊಂದರಲ್ಲಿ. ಸೊಸೆ ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತ ಕಿವಿಯೆಲ್ಲ ಹೊರಗಿಟ್ಟಳು. ಗೊರಕೆ ಶುರುವಾಯಿತು. ಸ್ವಲ್ಪ ಹೊತ್ತಿಗೆ ನಿಂತಿತು. ಕೆಮ್ಮು ಕೇಳಲಿಲ್ಲ. ನೀರಿಗೆಂದು ಅವಳು ಹಿತ್ತಲಿಗೆ ಹೋಗಿ ಬರುವಷ್ಟರಲ್ಲಿ ಮೊಳೆ ಖಾಲಿ.

ಜಗಲಿಗೆ ಓಡಿದಳು. ಗಾಡಿಯ ಹೊದಿಕೆ ಅಲುಗುತ್ತಿತ್ತು. ಅದರ ಕೆಳಗಿನಿಂದ ಎರಡು ಬರಿಗಾಲು ಇಣುಕುತ್ತಿದ್ದವು. ಪಕ್ಕದ ಮನೆಯವನೇ ಇರಬೇಕು, ಪಾಠ ಕೇಳಿ ಕೇಳಿ ರೋಸಿದವನು! ಸೆರಗು ಸಿಕ್ಕಿಸಿ ಹೊದಿಕೆಯನ್ನು ಸರ್ರನೆ ಎಳೆದಳು.

ಹೆಡ್‌ಲೈಟಿನ ಬೆಳಕಿಗೆ ಕಣ್ಣು ಕಿರಿದು ಮಾಡಿ ಮಾವನವರು ನಿಂತಿದ್ದರು.

“ಮಾವ! ನೀವಾ?”

ಅವರು ತುಟಿಯ ಮೇಲೆ ಬೆರಳಿಟ್ಟು, ಮಗ ಮಲಗಿದ್ದ ಕೋಣೆಯತ್ತ ಹೆದರಿದವರಂತೆ ನೋಡಿದರು. ಹೊದಿಕೆಯನ್ನು ಮೆಲ್ಲಗೆ ಅವಳ ಕೈಯಿಂದ ಬಿಡಿಸಿಕೊಂಡರು.

“ಇನ್ನೇನು ಮಾಡ್ಲಮ್ಮ? ಕಣ್ಣು ಕಾಣಲ್ಲ ಅಂತ ಮಗನ ಮುಂದೆ ಒಪ್ಕೊಳ್ಳೋದಾ? ಇಷ್ಟು ದಿನ ಪಾಪ ನೀನು ಮಾಡ್ತಿದ್ದೆ, ಇದ್ದಕ್ಕಿದ್ದ ಹಾಗೆ ನಿಲ್ಲಿಸಿಬಿಟ್ಟೆಯಲ್ಲ!”