ತಿಮ್ಮಕ್ಕನ ಕಾವಲು

ಗಂಡ ಹೆಂಡಿರ ನಡುವಿನ ಮಾತನ್ನು ಊರಿಗೆ ಹೇಳುವುದು ತಪ್ಪು, ಕ್ಷಮೆ ಇರಲಿ. ಆದರೆ ತಿಮ್ಮಕ್ಕನ ಕಣ್ಣುಗಳು ಆಗಲೇ ಮಂಚದಷ್ಟು ಅಗಲಕ್ಕೆ ಅಚ್ಚಾಗಿ ರಸ್ತೆ ಬದಿಗೆ ಬಂದು ನಿಂತಿವೆ. ಇನ್ನು ಮುಚ್ಚಿಡುವುದಕ್ಕೆ ಹೆಚ್ಚೇನೂ ಉಳಿದಿಲ್ಲ.

ಟೊಮೇಟೊ ಮತ್ತೆ ಕಳುವಾಗಿತ್ತು.

"ಇವತ್ತೂ ಕಿತ್ಕಂಡ್ ಹೋಗವ್ರೆ ಕಣೇ," ಎಂದ ಕರಿಯಣ್ಣ, ಹೊಲದಿಂದ ಬಂದವನೇ ಟವೆಲ್ ಕೊಡವುತ್ತ. "ಸಂಜೆ ಹೊತ್ತು ಕಾವಲಿಗೆ ಒಬ್ರು ಇರ್ಲೇಬೇಕು."

"ಇರ್ಲೇಬೇಕು," ಎಂದಳು ಹೆಂಡತಿ ತಿಮ್ಮಕ್ಕ. ಅವರೆಕಾಯಿ ಸುಲಿಯುತ್ತಿದ್ದವಳು ತಲೆ ಎತ್ತಲಿಲ್ಲ.

ಕಳ್ಳನನ್ನು ಹುಟ್ಟಿಸಿದವನು ಕರಿಯಣ್ಣನೇ. ಎದೆಗೆ ಸ್ಟೆಂಟ್ ಹಾಕಿದ ದಿನ ಹಾಸನದ ಡಾಕ್ಟರು, ಬೀಡಿ ಅಥವಾ ಜೀವ, ಎರಡರಲ್ಲಿ ಒಂದನ್ನು ಇಟ್ಟುಕೊಳ್ಳಿ ಎಂದಿದ್ದರು. ಅವನು ತಿಮ್ಮಕ್ಕನ ತಲೆ ಮುಟ್ಟಿ ಆಣೆ ಮಾಡಿದ್ದ. ಆಣೆ ಊರೊಳಗೆ ಚೆನ್ನಾಗಿಯೇ ನಡೆಯಿತು. ಹೊಲದ ಪಂಪ್‌ಸೆಟ್ ಮನೆಯ ಗೋಡೆಗೆ ಒರಗಿದರೆ ಮಾತ್ರ ಕೈ ತಾನಾಗಿಯೇ ಜೇಬಿಗೆ ಹೋಗುತ್ತಿತ್ತು. ಸಂಜೆ ಸಂಜೆ ಅಲ್ಲಿಗೆ ಹೋಗಲು ಒಂದು ನೆಪ ಬೇಕಲ್ಲ. ಒಂದಿಷ್ಟು ಹಣ್ಣನ್ನು ತಾನೇ ಕಿತ್ತು ಪಕ್ಕದ ಹೊಲದ ಹಸುವಿಗೆ ಹಾಕುತ್ತಿದ್ದ. ಮನೆಗೆ ಬಂದು ಕಳ್ಳರನ್ನು ಬೈಯುತ್ತಿದ್ದ. ಹಸು ಯಾರಿಗೂ ಹೇಳಿರಲಿಲ್ಲ.

"ನೀವು ಆ ಚಳೀಲಿ ಕೂರೋದು ಬ್ಯಾಡ," ಎಂದಳು ತಿಮ್ಮಕ್ಕ ಆವತ್ತು. "ಇನ್ಮೇಲೆ ನಾನೇ ನೋಡ್ಕತೀನಿ."

ಮಗಳು ರಾಣಿ ಮುಕ್ತ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ಓದುತ್ತಿದ್ದಳು. ಕಣ್ಣಿನ ಚಿತ್ರ ಎದುರಿಗಿದ್ದರೂ ಸಾಕು, ತಪ್ಪು ಮಾಡುವವನ ಕೈ ಹಿಂಜರಿಯುವುದುಂಟು ಎಂದು ಅವಳ ಪಾಠದಲ್ಲಿ ಬಂದಿತ್ತಂತೆ. ತಾಯಿ ಮಗಳು ಬೇಲೂರಿಗೆ ಹೋದರು. ತಿಮ್ಮಕ್ಕನಿಗೆ ಇದ್ದದ್ದು ಒಂದೇ ಫೋಟೋ, ಆಧಾರ್ ಕಾರ್ಡಿನದು. ಅದರಲ್ಲಿ ಅವಳು ಕ್ಯಾಮೆರಾವನ್ನು ಬಾಕಿದಾರನನ್ನು ನೋಡುವ ಹಾಗೆ ನೋಡಿದ್ದಳು. ಅದರಿಂದ ಕಣ್ಣುಗಳನ್ನಷ್ಟೇ ದೊಡ್ಡದು ಮಾಡಿಸಿ, ಫ್ಲೆಕ್ಸ್ ಹಾಕಿಸಿ, ಹೊಲದ ತುದಿಯಲ್ಲಿ ರಸ್ತೆ ಬದಿಯ ಬೇಲಿಯ ಹತ್ತಿರ ಗಳ ನೆಟ್ಟು ಇಬ್ಬರೇ ಕಟ್ಟಿ ಬಂದರು.

"ಫ್ಲೆಕ್ಸಿನ ಎರಡೂ ಕಡೆ ಕಣ್ಣು ಹಾಕ್ಸಿದ್ದೀಯೇನೇ?" ಕರಿಯಣ್ಣ ಕೇಳಿದ.

"ಕಳ್ಳ ಯಾವ ಕಡೆಯಿಂದ ಬತ್ತಾನೆ ಅಂತ ಹೇಳಕ್ಕಾಯ್ತದಾ?"

ಅದೂ ಸರಿಯೇ. ಆದರೆ ನೆಂಟರ ಮದುವೆಯಲ್ಲೂ ಫೋಟೋಗೆ ನಿಲ್ಲದವಳು, ಬಸ್ಸಿನವರು ನೋಡಿಯಾರೆಂದು ಸೆರಗು ಮುಂದಕ್ಕೆ ಎಳೆಯುವವಳು, ಬೇಲೂರು–ಹಳೇಬೀಡು ರಸ್ತೆಗೆ ತನ್ನ ಕಣ್ಣು ಕಟ್ಟಲು ಹೇಗೆ ಒಪ್ಪಿದಳು? ಟೊಮೇಟೊ ಮೇಲೆ ಇಷ್ಟೊಂದು ಪ್ರೀತಿ ಇದೆಯೆಂದು ಕರಿಯಣ್ಣನಿಗೆ ಗೊತ್ತಿರಲಿಲ್ಲ.

ನೀರು ಬಿಡುವ ನೆಪದಲ್ಲಿ ಅವನು ಹೊಲಕ್ಕೆ ಹೋದ. ಎಂದಿನಂತೆ ಊರ ಕಡೆಯ ಕಾಲುದಾರಿಯಲ್ಲಿ ಬಂದು, ಗೋಡೆಗೆ ಒರಗಿ, ಬೀಡಿ ಬಾಯಿಗಿಟ್ಟ. ಬೆಂಕಿಕಡ್ಡಿ ಗೀರಿದ. ತಲೆ ಎತ್ತಿದ. ತಿಮ್ಮಕ್ಕ ನೋಡುತ್ತಿದ್ದಳು. ಎಡಕ್ಕೆ ಸರಿದ, ಎಡಕ್ಕೂ ನೋಡಿದಳು. ಬದುವಿನ ಮೇಲೆ ಹೋಗಿ ಕೂತ, ಅಲ್ಲಿಗೂ ಬಂದಳು. ಕಡ್ಡಿ ಬೆರಳು ಸುಟ್ಟಿತು.

"ಪಾಪ, ಆ ಕಳ್ಳನ ಪಾಡು ಏನಾಗಿರ್ಬೇಕು ಅಂತೀನಿ," ಎಂದ ರಾತ್ರಿ ಊಟಕ್ಕೆ ಕೂತಾಗ. "ಎಲ್ಲಿ ನಿಂತ್ರೂ ನೋಡ್ತಾವಲ್ಲ ಆ ಕಣ್ಣು."

"ಕ್ಯಾಮೆರಾನೇ ನೋಡ್ತಿರೋ ಫೋಟೋ ಹಂಗೇ ಅಪ್ಪ," ಎಂದಳು ರಾಣಿ. "ಎದುರಿಗಿರೋರು ಎತ್ತ ನೋಡ್ತಿದಾರೆ ಅಂತ ಹುಡುಕೋದಕ್ಕೇ ಮಿದುಳಲ್ಲಿ ಒಂದು ಜಾಗ ಇದೆ, ಇಲ್ಲಿ, ಕಿವಿ ಮೇಲುಗಡೆ. ಅದಕ್ಕೆ ಅನುಮಾನ ಬಂದ್ರೆ ಸಾಕು, ನನ್ನನ್ನೇ ನೋಡ್ತಿರೋದು ಅಂದ್ಕೊಂಡುಬಿಡುತ್ತೆ."

"ಗೋಡೆ ಮರೆಗೆ ಹೋದ್ರೆ?"

"ಕಳ್ಳ ಯಾಕೆ ಗೋಡೆ ಮರೆಗೆ ಹೋಗ್ತಾನೆ? ಟೊಮೇಟೊ ಇರೋದು ಬಯಲಲ್ಲಿ."

ಕರಿಯಣ್ಣ ಮುದ್ದೆ ನುಂಗಿದ. ಅಡುಗೆಮನೆಯಲ್ಲಿ ಬಳೆ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

ಗೋಡೆ ಮರೆಯನ್ನೂ ಅವನು ನೋಡಿಬಿಟ್ಟ. ಅಲ್ಲಿ ಕಣ್ಣು ಕಾಣುತ್ತಿರಲಿಲ್ಲ, ಆದರೆ ಗೋಡೆಯ ಆ ಕಡೆ ಅವು ತೆರೆದೇ ಇವೆಯೆಂಬುದು ಬೆನ್ನಿಗೆ ಗೊತ್ತಾಗುತ್ತಿತ್ತು. ಆಣೆ ಮಾಡುವಾಗ ಅಂಗೈಗೆ ತಾಗಿದ ಅವಳ ತಲೆಯ ಬಿಸಿ ನೆನಪಾಗುತ್ತಿತ್ತು. ಬೀಡಿಕಟ್ಟು ಜೇಬಿನಲ್ಲೇ ಬೆವರಿಗೆ ಮೆತ್ತಗಾಯಿತು. ಕೊನೆಗೆ ಅದನ್ನು ತೆಗೆದು ಕಾಲುವೆಗೆ ಎಸೆದ. ಹಸುವಿಗೂ ಟೊಮೇಟೊ ನಿಂತಿತು. ಅದು ಬೇಲಿಯ ಮೇಲೆ ಕತ್ತು ಚಾಚಿ ಕೆಲವು ದಿನ ಕಾದು, ಬೇಸರದಿಂದ ಹುಲ್ಲಿಗೆ ಮರಳಿತು.

ಯುಗಾದಿ ಹೊತ್ತಿಗೆ ಕರಿಯಣ್ಣನ ಕೆಮ್ಮು ಕಡಿಮೆಯಾಗಿತ್ತು. "ಕಳ್ಳ ಬರೋದು ಬಿಟ್ಟ ಕಣೇ," ಎಂದ, ಸತ್ತ ಗೆಳೆಯನ ಸುದ್ದಿ ಹೇಳುವ ದನಿಯಲ್ಲಿ.

"ಒಳ್ಳೇದಾಯ್ತು ಬಿಡಿ. ಅವ್ನಿಗೂ ಹೆಂಡ್ತಿ ಮಕ್ಳು ಇರ್ತಾರೆ," ಎಂದಳು ತಿಮ್ಮಕ್ಕ.

ಹಬ್ಬಕ್ಕೆ ಬಾಣಾವರದಿಂದ ತಿಮ್ಮಕ್ಕನ ತಮ್ಮ ಲಕ್ಕಪ್ಪ ಬರುವವನಿದ್ದ. ಕರಿಯಣ್ಣ ಫೋನಿನಲ್ಲಿ ಗುರುತು ಹೇಳಿದ್ದ: "ಹಳೇಬೀಡು ದಾಟಿ ಬಾ. ದಾರೀಲಿ ನಿಮ್ಮಕ್ಕ ಕಣ್ಣು ಬಿಟ್ಕಂಡು ನಿಂತವಳೆ. ಅಲ್ಲೇ ಇಳ್ಕೊಂಡು ಹೊಲದ ಮೇಲೆ ಬಂದ್ಬಿಡು."

ಬೆಳಗ್ಗೆ ಬರಬೇಕಾದವನು ಮಧ್ಯಾಹ್ನ ಬಂದ. ಬ್ಯಾಗನ್ನು ಜಗುಲಿಯ ಮೇಲೆ ಎಸೆದು ಕೂತ.

"ಏನ್ ಭಾವ ನಿಮ್ ಗುರುತು? ನೋಡ್ತಾ ನೋಡ್ತಾ ಬೇಲೂರು ಬಸ್ ಸ್ಟ್ಯಾಂಡ್ ಸೇರ್ಕಂಡೆ. ಅಲ್ಲಿಂದ ಆಟೋ ಮಾಡ್ಕಂಡು ವಾಪಸ್ ಬಂದೆ. ಎಲ್ಲೈತೆ ಅಕ್ಕನ ಕಣ್ಣು?"

"ನಮ್ಮ ಬೇಲಿ ಹತ್ರ ಕಣಯ್ಯ, ಮಂಚದಷ್ಟು ಅಗಲ ಐತೆ."

"ಆ ಫ್ಲೆಕ್ಸಾ? ನೋಡ್ದೆ. ರಸ್ತೆ ಕಡೆ ಬರೀ ಬಿಳೀದು ಭಾವ. ಒಂದು ಅಕ್ಷರ ಇಲ್ಲ, ಒಂದು ಚುಕ್ಕೆ ಇಲ್ಲ."

ಕರಿಯಣ್ಣ ನಿಧಾನವಾಗಿ ಹೆಂಡತಿಯ ಕಡೆ ತಿರುಗಿದ. ತಿಮ್ಮಕ್ಕ ತಮ್ಮನ ಕೈಗೆ ಪಾನಕದ ಲೋಟ ಕೊಟ್ಟು, ಸೆರಗು ಸರಿಮಾಡಿಕೊಂಡು, ತಲೆ ಎತ್ತಿ ಗಂಡನನ್ನು ನೇರವಾಗಿ ನೋಡಿದಳು.

"ರಸ್ತೇಲಿ ಹೋಗೋರಿಗೆ ನನ್ನ ಕಣ್ಣು ಯಾಕೋ ತೋರಿಸ್ಲಿ, ಲಕ್ಕಪ್ಪ?"

ಅವಳಿಗೆ ಹೇಗೆ ತಿಳಿಯಿತೆಂಬುದು ಇವತ್ತಿಗೂ ಗೊತ್ತಾಗಿಲ್ಲ. ಕರಿಯಣ್ಣನ ಅನುಮಾನ ಮಾತ್ರ ಆ ಹಸುವಿನ ಮೇಲೆಯೇ ಇದೆ.