ಸದ್ದಿಲ್ಲದ ಎಂಜಿನ್

"ಹೂಂ, ಕೀ ತಿರುಗಿಸಿ ಭಾವ," ಎಂದು ಕೈಸನ್ನೆ ಮಾಡಿದ ಮೆಕ್ಯಾನಿಕ್, ಎಣ್ಣೆಗೈ ಒರೆಸಿಕೊಳ್ಳುತ್ತಾ ಅಕ್ಕನ ಮುಖ ನೋಡಿದ. ಶಹಬ್ಬಾಸ್ ಎನ್ನಿಸಿಕೊಳ್ಳುವ ಆಸೆ ಅವನ ಹಲ್ಲುಗಳಲ್ಲೇ ಕಾಣುತ್ತಿತ್ತು. ದೋಣಿಯವನು ಕೀ ತಿರುಗಿಸಿದ. ಹಿಂದಿನ ಕೊಳವೆಯಲ್ಲಿ ನೀರು ಒಂದಿಷ್ಟು ಗುಳುಗುಳು ಎಂದಿತು, ಅಷ್ಟೇ. ದೋಣಿ ದಡ ಬಿಟ್ಟದ್ದು ದಡದಲ್ಲಿ ಮಲಗಿದ್ದ ನಾಯಿಗೂ ತಿಳಿಯಲಿಲ್ಲ.

ಹಳೆಯ ಎಂಜಿನ್ನಿಗೆ ದೋಣಿಯವನ ಹೆಂಡತಿ ಇಟ್ಟಿದ್ದ ಹೆಸರು ಅತ್ತೆಯಮ್ಮ. ಅದು ಬಾಯಿ ತೆರೆದರೆ ಉಳಿದವರು ಬಾಯಿ ಮುಚ್ಚಬೇಕು. ಮದುವೆಯಾದಾಗಿನಿಂದ ಗಂಡ ಹಿಂದೆ ಚುಕ್ಕಾಣಿ, ಹೆಂಡತಿ ಮುಂದೆ ಹಗ್ಗ, ಈ ದಡದ ಜನರನ್ನು ಆ ದಡಕ್ಕೆ ಮುಟ್ಟಿಸುವ ಬದುಕು, ಮಾತೆಲ್ಲ ಕೂಗಿಯೇ. ಅದೇ ರೂಢಿಯಾಗಿ, ಇವರು ಮನೆಯಲ್ಲಿ ಉಪ್ಪು ಕೇಳಿದರೂ ಪಕ್ಕದವರು ಜಗಳ ಬಿಡಿಸಲು ಎದ್ದು ಬರುತ್ತಿದ್ದರು. ಕೂಗಿ ಹೇಳುವ ಮಾತುಗಳನ್ನೆಲ್ಲ ಅವಳು ಆಡಿ ಮುಗಿಸಿದ್ದಳು. ಮೆತ್ತಗೆ ಹೇಳಬೇಕಾದವು ಹಾಗೇ ಉಳಿದಿದ್ದವು. ಎಂಜಿನ್ ಬದಲಿಸೋಣ ಎಂದು ಗಂಡನ ತಲೆ ತಿಂದದ್ದೂ ಅದಕ್ಕೇ. ಅವನೋ ಒಂದಲ್ಲ ಒಂದು ನೆವ ಹೇಳಿ ಜಾರಿಕೊಳ್ಳುತ್ತಿದ್ದ. ಕೊನೆಗೆ ಅತ್ತೆಯಮ್ಮನೇ ನಡುಹೊಳೆಯಲ್ಲಿ ಪ್ರಾಣ ಬಿಟ್ಟ ಮೇಲೆ ಅವಳ ಮೆಕ್ಯಾನಿಕ್ ತಮ್ಮ ಬಂದು, ಹಲಗೆ ಕಿತ್ತು, ಅದನ್ನು ಸರಪಳಿ ಕಟ್ಟಿ ಎತ್ತಿ, ಹೊಸದನ್ನು ರಬ್ಬರಿನ ದಪ್ಪ ಮೆತ್ತೆಗಳ ಮೇಲೆ ಕೂರಿಸಿದ್ದ.

ತಮ್ಮ ಎಂಜಿನ್ ಪೆಟ್ಟಿಗೆಯೊಳಗೆ ತಲೆ ತೂರಿಸಿದ್ದೇ ತಡ, ಅವಳು ಎದ್ದು ಬಂದು ಗಂಡನ ಪಕ್ಕ ಕೂತಳು. ತನಗೇ ಹೊಸದೆನಿಸುವ ದನಿಯಲ್ಲಿ, "ರೀ, ನಿಮ್ಮನ್ನ ಕಟ್ಕೊಂಡು ನಾನು ಸುಖವಾಗೇ ಇದ್ದೀನಿ. ಒಂದಿನಾನೂ ಹೇಳಿರ್ಲಿಲ್ಲ," ಎಂದಳು.

ಗಂಡ ಎದುರಿನ ದಡ ನೋಡುತ್ತಾ ಕೂತಿದ್ದ. ಹೂಂ ಇಲ್ಲ, ಉಹೂಂ ಇಲ್ಲ. ಅವಳು ಕಾದಳು. ಆಮೇಲೆ ಮುಖ ಕೆಂಪಾಯಿತು. ಗುಜರಿಗೆ ಹೋದ ಕಬ್ಬಿಣದ ಮೇಲೆ ಇಷ್ಟೊಂದು ಮೋಹವೇ ಈ ಮನುಷ್ಯನಿಗೆ? ಮನೆಯಲ್ಲಿ ಎಲ್ಲದಕ್ಕೂ ತಲೆಯಾಡಿಸುವವನಿಗೆ ಇವತ್ತು ಒಂದು ಸಲ ತಲೆಯಾಡಿಸಲು ಏನಾಗಿತ್ತು? ದುರುದುರು ನಡೆದು ಮತ್ತೆ ಮುಂದೆ ಹೋಗಿ ಕೂತು, ಹಗ್ಗದ ಮೇಲೆ ಸಿಟ್ಟು ತೀರಿಸಿಕೊಂಡಳು.

ನಡುಹೊಳೆಯಲ್ಲಿ ತಮ್ಮ ಕೈಯೆತ್ತಿ ನಿಲ್ಲಿಸಲು ಸನ್ನೆ ಮಾಡಿದ. ನೀರು ಎಲ್ಲಾದರೂ ಜಿನುಗುತ್ತದೆಯೇ ಎಂದು ತಡಕಾಡಿ, ಮತ್ತೆ ಶುರು ಮಾಡಲು ಸನ್ನೆ ಮಾಡಿದ. ದೋಣಿಯವನು ಕೀ ತಿರುಗಿಸಿದ. ಎಂಜಿನ್ ಸದ್ದಿಲ್ಲದೆ ಚಾಲೂ ಆಯಿತು. ಅವನು ಇನ್ನೊಮ್ಮೆ ತಿರುಗಿಸಿದ. ಒಳಗಿನಿಂದ ಕರ್‌ರ್ರೆಂದು ಹಲ್ಲು ಕಡಿದಂಥ ಸದ್ದು ಬಂತು.

"ಅಯ್ಯೋ ಭಾವ! ಆಗ್ಲೇ ಚಾಲೂ ಆಗಿದೆ! ಒಳಗಿನ ಚಕ್ರದ ಹಲ್ಲು ಮುರಿದು ಹೋಗುತ್ತೆ!" ಎಂದು ತಮ್ಮ ಬೊಬ್ಬೆ ಹಾಕಿದ.

"ಗೊತ್ತು, ಗೊತ್ತು. ಹೊಸ ಕೀ, ಸ್ವಲ್ಪ ಬಿಗಿ," ಎಂದ ದೋಣಿಯವನು.

ಮೆಕ್ಯಾನಿಕ್ ಮತ್ತೆ ಬಗ್ಗಿದ. ಆಗ ದೋಣಿಯವನು ಮೆಲ್ಲಗೆ ಕೈ ಚಾಚಿ, ಮಗುವಿಗೆ ಜ್ವರ ಇದೆಯೇ ಎಂದು ನೋಡುವಂತೆ ಎಂಜಿನ್ ಪೆಟ್ಟಿಗೆಯನ್ನು ಮುಟ್ಟಿದ. ಅಂಗೈಗೂ ಏನೂ ತಿಳಿಯಲಿಲ್ಲವೋ ಏನೋ, ಹಿಂದಕ್ಕೆ ಬಾಗಿ ಕೊಳವೆಯಿಂದ ನೀರು ಉಗುಳುತ್ತಿದೆಯೇ ಎಂದು ಇಣುಕಿದ. ತಲೆ ಎತ್ತಿದರೆ ಹೆಂಡತಿ ಅವನನ್ನೇ ನೋಡುತ್ತಿದ್ದಳು.

ಅವಳ ಕೋಪ ಇದ್ದಲ್ಲೇ ಇಳಿಯಿತು. ಇಷ್ಟು ವರ್ಷ ಬಡಿದು ಬಡಿದು ಅವನ ಕಿವಿ ತಿಂದ ಎಂಜಿನ್ನೇ ಅವನ ಕಿವುಡುತನವನ್ನು ಎಲ್ಲರಿಂದ ಮುಚ್ಚಿಯೂ ಇಟ್ಟಿತ್ತು. ಆ ಗದ್ದಲದಲ್ಲಿ ಕೂಗದವರು ಯಾರು? ಅವನಿಗೆ ಎಂಜಿನ್ ಓಡುತ್ತಿದೆ ಎಂದು ತಿಳಿಯುತ್ತಿದ್ದದ್ದು ಅಂಗಾಲಿಗೆ ತಾಗುವ ಅದರ ನಡುಕದಿಂದ. ಇನ್ನು ಕೆಳದನಿಯಲ್ಲಿ ಮಾತಾಡುವ ಪ್ರಯಾಣಿಕರು ಬರುತ್ತಾರೆ, ಒಬ್ಬರು ಕೇಳಿದ್ದಕ್ಕೆ ಇವನು ಸುಮ್ಮನಿರುತ್ತಾನೆ, ಕಿವುಡನ ದೋಣಿ ಎಂದು ಒಬ್ಬರ ಬಾಯಿಂದ ಬಂದರೆ ಮುಗಿಯಿತು, ಹತ್ತುವವರೇ ಇರುವುದಿಲ್ಲ. ನೀರಿನಲ್ಲಿ ತೇಲಿಬರುವ ಕೊರಡನ್ನು ಎಲ್ಲರಿಗಿಂತ ಮೊದಲು ಕಾಣುವ ಕಣ್ಣು ಅವನದು; ಕೂಗಿ ಎಚ್ಚರಿಸಲು ಮುಂದೆ ಅವಳಿದ್ದಾಳೆ. ಅದನ್ನು ಯಾರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ? ಗಂಡ ಕದ್ದು ಸಿಕ್ಕಿಬಿದ್ದವನಂತೆ ಮುದುಡಿ ಕೂತಿದ್ದ.

ದೋಣಿ ದಡ ಸೇರುತ್ತಿತ್ತು. ಮೊದಲ ಪ್ರಯಾಣಕ್ಕೆ ಐದಾರು ಜನ ಚೀಲ ಹಿಡಿದು ನಿಂತಿದ್ದರು. ಅವಳು ಎದ್ದು ಬಂದು ಗಂಡನ ಪಕ್ಕ ಕೂತು, ಎದೆ ತುಂಬ ಉಸಿರೆಳೆದು ಕೂಗಿದಳು: "ರೀ! ನಿಮ್ಮನ್ನ ಕಟ್ಕೊಂಡು ನಾನು ಸುಖವಾಗಿದ್ದೀನಿ ಅಂದೆ!"

ದಡದವರು ಗೊಳ್ಳೆಂದು ನಕ್ಕರು. ದೋಣಿಯವನು ಅವಳನ್ನು ಒಂದು ಗಳಿಗೆ ದಿಟ್ಟಿಸಿದ. ಕಣ್ಣು ತುಂಬಿ ಬಂತು. "ಊರಿಗೆಲ್ಲ ಸಾರ್ಬೇಕಾಗಿತ್ತಾ ಇದನ್ನ?" ಎಂದು ಅವನೂ ಅಷ್ಟೇ ಜೋರಾಗಿ ಗದರಿದ.

ಪೆಟ್ಟಿಗೆಯಿಂದ ತಮ್ಮನ ತಲೆ ಮೇಲೆ ಬಂತು. "ಯಾಕಕ್ಕಾ ಹೀಗೆ ಕಿರುಚ್ತೀಯ? ಎಂಜಿನ್ ಸದ್ದೇ ಇಲ್ವಲ್ಲ?"

"ಸದ್ದಿಲ್ವಾ?" ಎಂದು ಅವಳು ತಿರುಗಿಬಿದ್ದಳು. "ನಿನ್ನ ಎಂಜಿನ್ ಗಲಾಟೆಗೆ ಪಕ್ಕದಲ್ಲಿ ಕೂತೋರ ಮಾತೂ ಕೇಳಿಸ್ತಿಲ್ಲ ಕಣೋ!"

ತಮ್ಮ ತನ್ನ ಕೈಕೆಲಸದ ಪರ ವಾದಿಸಲು ಬಾಯಿ ತೆರೆದ. ಅಕ್ಕನ ಕಣ್ಣು ನೋಡಿದ. ಕೀ ಮೇಲಿದ್ದ ಭಾವನ ಕೈ ನೋಡಿದ. ತೆರೆದ ಬಾಯಿಯನ್ನು ಒಮ್ಮೆ ಮುಚ್ಚಿ, ಚೀಲ ಹಿಡಿದು ನಿಂತವರ ಕಡೆ ತಿರುಗಿ, ದಡವೆಲ್ಲ ಕೇಳುವಂತೆ ಕೂಗಿದ:

"ಹೌದಕ್ಕಾ, ತಪ್ಪಾಯ್ತು! ಸದ್ದು ಸ್ವಲ್ಪ ಜಾಸ್ತಿನೇ ಇದೆ! ದೋಣಿ ಹತ್ತೋರೆಲ್ಲ ದಯವಿಟ್ಟು ಕೂಗಿ ಮಾತಾಡಿ!"