ನಲವತ್ತನೇ ಯಂತ್ರ

ನಲವತ್ತನೇ ಯಂತ್ರ ಪಟ್ಟಿಯಲ್ಲಿ ಮತ್ತೆ ಕೆಳಗೆ ಜಾರಿತ್ತು. ಬೆರಳು ಅಲ್ಲೇ ನಿಂತಿತು. ಕಚೇರಿಯವರೆಲ್ಲ 'ಬೇಹುಗಾರ' ಎಂದು ಕರೆಯುತ್ತಿದ್ದ ನೆಟ್‌ವರ್ಕ್ ಉಸ್ತುವಾರಿ ಆ ಸಾಲನ್ನು ಮತ್ತೊಮ್ಮೆ ಓದಿದ. ಆ ಯಂತ್ರದ ಮುಂದೆ ಕೂರುವವಳು ಅವನ ಒಡಹುಟ್ಟಿದ ಅಕ್ಕ, ಕಡತದ ಕೋಣೆಯ ಗುಮಾಸ್ತೆ.

ನೋಟೀಸು ಸ್ಪಷ್ಟವಾಗಿತ್ತು. ಶುಕ್ರವಾರದ ಪಟ್ಟಿಯಲ್ಲಿ ಯಾರ ಯಂತ್ರ ಕಟ್ಟಕಡೆಗೆ ಇರುತ್ತದೋ ಅವರು ಸೋಮವಾರದಿಂದ ಕೆಲಸಕ್ಕೆ ಬರಬೇಕಾಗಿಲ್ಲ. ಯಜಮಾನರು ಆಜ್ಞೆಗೆ ಮೊದಲೇ ಸಹಿ ಹಾಕಿ, ಹೆಸರಿನ ಜಾಗ ಮಾತ್ರ ಖಾಲಿ ಬಿಟ್ಟಿದ್ದರು.

ಇದಕ್ಕೆಲ್ಲ ಮೂಲ ಹೊಸ ಫ್ಲೋ ಮಾನಿಟರ್. ಯಾವ ಯಂತ್ರ ಎಲ್ಲಿಗೆ, ಎಷ್ಟು ಹೊತ್ತಿಗೆ, ಎಷ್ಟು ಕಳಿಸಿತು ಎಂಬುದನ್ನಷ್ಟೇ ಅದು ಬರೆದಿಡುತ್ತಿತ್ತು. ಕಳಿಸಿದ್ದರಲ್ಲಿ ಏನಿತ್ತು ಎಂಬುದು ಅದಕ್ಕೆ ಬೇಡ. ಲಕೋಟೆಯ ವಿಳಾಸ, ತೂಕ ನೋಡಿ ಬಿಡುವ ಅಂಚೆಯವನ ಹಾಗೆ. ಹೆಚ್ಚು ಕಳಿಸಿದ ಯಂತ್ರ ಪಟ್ಟಿಯ ಮೇಲಕ್ಕೆ, ಕಡಿಮೆ ಕಳಿಸಿದ್ದು ಕೆಳಕ್ಕೆ.

"ಒಳಗೇನಿದೆ ಅಂತ ನೋಡದೆ, ಕೆಲಸ ಮಾಡಿದಾರೋ ಇಲ್ವೋ ಹೇಗೆ ಗೊತ್ತಾಗುತ್ತೆ ಸಾರ್?" ಎಂದು ಅವನು ಯಜಮಾನರನ್ನು ಕೇಳಿದ್ದ.

"ತುಂಬಿದ ಕೊಡ ತುಳುಕಲ್ಲ ಅನ್ನೋದೆಲ್ಲ ಹಳೇ ಕಾಲ ಕಣಯ್ಯ. ಈಗ ತುಳುಕಿದ್ರೇನೇ ತುಂಬಿದೆ ಅಂತ ಅರ್ಥ. ಕಾವಲುಗಾರನಿಗೆ ಹರಟೆ ಬೇಡ. ಎಲ್ಲರದ್ದೂ ಕೇಳಿಸ್ಕೋ, ಪಟ್ಟಿ ಮಾಡು, ಕಾಗದದಲ್ಲಿ ತಂದು ನನ್ನ ಕೈಗೆ ಕೊಡು. ನಿನ್ನ ಕಡೆಯಿಂದ ಒಂದು ಇಮೇಲೂ ಹೋಗಕೂಡದು."

ಅವನು ಚಾಚೂ ತಪ್ಪದೆ ನಡೆದುಕೊಂಡ.

ಊಟದ ಹೊತ್ತಿಗೆ ಕಡತದ ಕೋಣೆಗೆ ಓಡಿದ. ಅಕ್ಕ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಕಡತಕ್ಕೆ ದಾರ ಕಟ್ಟುತ್ತಿದ್ದಳು.

"ಅಕ್ಕಾ, ಸ್ಕ್ಯಾನ್ ಮಾಡಿದ ಹಳೇ ಕಡತಗಳನ್ನೆಲ್ಲ ಸರ್ವರಿಗೆ ಕಳಿಸು."

"ಎರಡು ವರ್ಷದ ಹಿಂದೆಯೇ ಕಳಿಸಿ ಆಗಿದೆಯಲ್ಲೋ!"

"ಕಳಿಸಿದ್ದನ್ನೇ ಮತ್ತೆ ಕಳಿಸು. ದಿನವೆಲ್ಲ ಕಳಿಸ್ತಾನೇ ಇರು. ನಿನ್ನ ದಮ್ಮಯ್ಯ."

"ಇದಕ್ಕೆ ಕೆಲಸ ಅಂತಾರೇನೋ? ದೇವರು ಮೆಚ್ತಾನಾ?"

"ದೇವರು ಒಳಗೆ ನೋಡ್ತಾನೆ ಅಕ್ಕಾ. ಯಜಮಾನರು ಲಕೋಟೆ ತೂಗ್ತಾರೆ."

ಅಕ್ಕ ದೇವರ ಹೆಸರು ಹೇಳಿ ಗುಂಡಿ ಒತ್ತಿದಳು. ಬುಧವಾರ ನಲವತ್ತನೇ ಯಂತ್ರ ನಡುವಿಗೆ ಬಂತು. ಗುರುವಾರ ಮೊದಲ ಹತ್ತರೊಳಗೆ. ಕಚೇರಿಯ ನೆಟ್‌ವರ್ಕ್ ಏದುಸಿರು ಬಿಡತೊಡಗಿತು, ಉಳಿದವರ ನಿಜವಾದ ಕೆಲಸ ಆಮೆಯಂತೆ ತೆವಳಿತು. ಅಕ್ಕನ ಕಡತಗಳಿಗೆ ಮಾತ್ರ ರೆಕ್ಕೆ ಬಂದಿತ್ತು.

ಶುಕ್ರವಾರ ಮೊದಲ ಸಾಲಿನಲ್ಲೇ ನಲವತ್ತು! ಬೇಹುಗಾರನ ಕಣ್ಣು ತುಂಬಿತು. ಮುಂದಿನ ಸಾಲುಗಳ ಗೊಡವೆ ಅವನಿಗೇಕೆ? ಕಾಗದವನ್ನು ಮಡಿಸಿಕೊಂಡು ಹೋಗಿ ಯಜಮಾನರ ಕೈಗಿಟ್ಟ.

"ಭೇಷ್! ಈ ಅಮ್ಮನಿಗೆ ಬಡ್ತಿ ಕೊಡಲೇಬೇಕು," ಎಂದರು ಯಜಮಾನರು. ಬೆರಳು ಮೆಲ್ಲಗೆ ತಳಕ್ಕಿಳಿಯಿತು. "ಆಹಾ, ಇಲ್ನೋಡು. ಅರವತ್ತೊಂದು. ಇಡೀ ವಾರ ಸೊನ್ನೆ! ಮೈಗಳ್ಳತನಕ್ಕೂ ಒಂದು ಮಿತಿ ಬೇಡ್ವಾ? ಯಾರಯ್ಯ ಈ ಮಹಾನುಭಾವ? ಹೆಸರು ಹೇಳು, ಬರ್ಕೋತೀನಿ."

ಎಲ್ಲರ ಸದ್ದಿಗೂ ಕಿವಿಗೊಟ್ಟು, ಅಪ್ಪಣೆಯಂತೆ ತಾನೊಂದು ಅಕ್ಷರವನ್ನೂ ಹೊರಗೆ ಕಳಿಸದ ಆ ಯಂತ್ರ ಬೇಹುಗಾರನದೇ.